ನಳಿಗೆಯ ಬಾಯಲ್ಲಿ ನಾಲ್ಕು ತೂತು

"ನಳಿಗೆಯ ಬಾಯಲ್ಲಿ ಯಾರೋ ನಾಲ್ಕು ತೂತು ಕೊರೆದು ಹಾಳು ಮಾಡಿದ್ದಾರೆ. ಅರ್ಧ ಇಂಚು ಕೊಯ್ದು ನೀಟಾಗಿ ಮಾಡಿಕೊಡ್ತೀರಾ?"

ಹಳೆಯ ಅಮೆರಿಕನ್ ಷೂಟ್ಸನ್ ರೈಫಲ್, ಎಂದರೆ ಗುರಿ ಹೊಡೆಯುವ ಪಂದ್ಯಕ್ಕೆಂದೇ ಮಾಡಿದ ಬಂದೂಕು, ಹಿಡಿದು ಬರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೆಲವರು ನನ್ನ ಹತ್ತಿರ ಬರುವ ಮೊದಲೇ ಎಲ್ಲೋ ಕೊಯ್ಸಿಕೊಂಡು ಬಂದಿರುತ್ತಾರೆ. ಆಮೇಲೆ "ಈಗ ಬೆಲೆ ಎಷ್ಟು?" ಅಂತ ಕೇಳುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಅವರು ಕೆಟ್ಟದ್ದು ಮಾಡಲು ಹೊರಟವರಲ್ಲ. ಅಜ್ಜನ ಬಂದೂಕು, ಚೆನ್ನಾಗಿ ಕಾಣಲಿ ಅಂತ ಆಸೆ ಪಟ್ಟವರು.

ಆ ತೂತುಗಳು ಗಾಯವಲ್ಲ. ಆ ರೈಫಲ್ಲಿನಲ್ಲಿ ಅತಿ ಹೆಚ್ಚು ಕಷ್ಟಪಟ್ಟು ಮಾಡಿದ ಕೆಲಸದ ಗುರುತು ಅವು. ಅಲ್ಲಿ ಫಾಲ್ಸ್ ಮಝಲ್, ಎಂದರೆ ಗುಂಡು ತುಂಬುವಾಗ ಮಾತ್ರ ನಳಿಗೆಯ ತುದಿಗೆ ಹಾಕಿ ತೆಗೆಯುವ ತುಂಡು, ಕೂರುತ್ತದೆ. ಇಂದು ಇಷ್ಟನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಸಂಗ್ರಹಕಾರರಿಗೆ ಗೊತ್ತಿರುವುದನ್ನು ಬೇಗ ಮುಗಿಸುತ್ತೇನೆ. ಈ ರೈಫಲ್‌ಗಳ ಆ್ಯಕ್ಷನ್, ಎಂದರೆ ತೋಟಾ ಹಾಕಿ ಸಿಡಿಸುವ ಹಿಂಭಾಗದ ಯಂತ್ರ, ಸಾಮಾನ್ಯವಾಗಿ ಕಾರ್ಖಾನೆಯದು: ಮಾರ್ಲಿನ್ ಮಾಡಿದ ಬ್ಯಾಲರ್ಡ್, ವಿಂಚೆಸ್ಟರ್ 1885, ಸ್ಟೀವನ್ಸ್ 44 ಅಥವಾ 44½. ನಳಿಗೆ ಮಾತ್ರ ಊರಿನ ಗನ್‌ಸ್ಮಿತ್‌ನದು, ಬಂದೂಕು ಮಾಡುವ ಕುಶಲಕರ್ಮಿಯದು. ಡೆನ್ವರ್‌ನಲ್ಲಿ ಕಾರ್ಲೋಸ್ ಗೋವ್, ಅವನ ಅಂಗಡಿಯಲ್ಲಿ ದುಡಿದು ಮೇಲೆ ಬಂದ ನಾರ್ವೆ ಮೂಲದ ಜಾರ್ಜ್ ಷೋಯನ್, ಷೋಯನ್ ಜೊತೆಗಿದ್ದ ಆ್ಯಕ್ಸೆಲ್ ಪೀಟರ್ಸನ್. ಸಿರಾಕ್ಯೂಸ್‌ನಲ್ಲಿ ಝಿಶಾಂಗ್. ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್‌ನಲ್ಲಿ ಷಾಲ್ಕ್. ಎಲ್ಲರಿಗಿಂತ ಹೆಸರಾದವನು ಹ್ಯಾರಿ ಪೋಪ್, 1861ರಿಂದ 1950ರವರೆಗೆ ಬದುಕಿದವನು. ಆ್ಯಕ್ಷನ್ ಮೇಲಿನ ಹೆಸರು ಓದಿ "ಇದು ಬ್ಯಾಲರ್ಡ್" ಅನ್ನುತ್ತಾರೆ. ನಳಿಗೆಯ ಮೇಲಿನ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆಯಾ ಅಂತ ನೋಡುವವರು ಕಡಿಮೆ. ಬೆಲೆಯ ದೊಡ್ಡ ಪಾಲು ಇರುವುದು ಆ ಎರಡನೇ ಹೆಸರಿನಲ್ಲಿ.

ಈಗ ಫಾಲ್ಸ್ ಮಝಲ್. ಈ ಯೋಚನೆಗೆ 1840ರಲ್ಲೇ ಪೇಟೆಂಟ್ ಪಡೆದವನು ಆಲ್ವನ್ ಕ್ಲಾರ್ಕ್. ಹೌದು, ಆಮೇಲೆ ದೊಡ್ಡ ದೊಡ್ಡ ದೂರದರ್ಶಕಗಳಿಗೆ ಗಾಜು ಉಜ್ಜಿ ಜಗತ್ತಿನಲ್ಲೇ ಹೆಸರು ಮಾಡಿದ ಕ್ಲಾರ್ಕ್. ನಯವಾಗಿ, ಅಳತೆ ತಪ್ಪದೆ ಕೆಲಸ ಮಾಡುವ ಮನುಷ್ಯ ಬಂದೂಕಿಗೆ ಕೈ ಹಾಕಿದರೂ ಹಾಗೇ ಮಾಡುತ್ತಾನೆ ನೋಡಿ.

ಸಮಸ್ಯೆ ಇದು. ಮೆತ್ತನೆಯ ಸೀಸದ ಗುಂಡನ್ನು ಬಾಯಿಯ ಕಡೆಯಿಂದ ಒಳಗೆ ತಳ್ಳಬೇಕು. ತಳ್ಳುವಾಗ ಅದು ಓರೆಯಾಗಬಾರದು, ಅದರ ತಳಕ್ಕೆ ಪೆಟ್ಟಾಗಬಾರದು. ತಳ ಒಂದು ಕಡೆ ಸ್ವಲ್ಪ ಜಜ್ಜಿದರೂ ಗುಂಡು ಹೊರಬೀಳುವಾಗ ಮದ್ದು ಉರಿದ ಅನಿಲ ಆ ಕಡೆಯಿಂದ ಮೊದಲು ನುಗ್ಗುತ್ತದೆ, ಗುಂಡು ವಾಲುತ್ತದೆ. ಇನ್ನೂರು ಗಜ ದೂರದಲ್ಲಿ, ನಿಂತುಕೊಂಡು, ಕೈಯಲ್ಲಿ ಹಿಡಿದು ಹೊಡೆಯುವ ಪಂದ್ಯದಲ್ಲಿ ಅದು ಸಹಿಸುವ ತಪ್ಪಲ್ಲ. ಗುಂಡು ಸಲೀಸಾಗಿ ಇಳಿಯಲಿ ಅಂತ ನಳಿಗೆಯ ಬಾಯನ್ನೇ ಅಗಲ ಮಾಡಿದರೆ, ಗುಂಡು ಹೊರಬರುವ ಅಂಚೇ ಕೆಡುತ್ತದೆ. ದಿನಾ ಸಲಾಕೆ ತಿಕ್ಕಿದರೂ ಆ ಅಂಚು ಸವೆಯುತ್ತದೆ.

ಅದಕ್ಕೆ ಆ ಕಾಲದವರು ಹೀಗೆ ಮಾಡಿದರು. ನಳಿಗೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದ ಇಟ್ಟುಕೊಂಡರು. ತುದಿಯಲ್ಲಿ ಉದ್ದಕ್ಕೆ ತೂತು ಕೊರೆದು, ತುದಿಯ ತುಂಡನ್ನು ಕೊಯ್ದು ತೆಗೆದು, ಆ ತೂತುಗಳಲ್ಲಿ ಪಿನ್ ಕೂರಿಸಿ ಮತ್ತೆ ಅಲ್ಲೇ ಜೋಡಿಸಿದರು. ಜೋಡಿಸಿಯೇ ಒಳಗಿನ ಸುರುಳಿ ಗೆರೆಗಳನ್ನು ಕೊರೆದರು. ಎಂದರೆ ನಳಿಗೆ, ತುಂಡು ಎರಡರಲ್ಲೂ ಒಂದೇ ಗೆರೆ ಮುರಿಯದೆ ಸಾಗುತ್ತದೆ. ಒಂದೇ ಹಲಗೆಯನ್ನು ಸೀಳಿ ಮಾಡಿದ ಜೋಡಿ ಬಾಗಿಲಲ್ಲಿ ಮರದ ಎಳೆ ಈ ಬಾಗಿಲಿಂದ ಆ ಬಾಗಿಲಿಗೆ ಹೋಗುತ್ತದಲ್ಲ, ಹಾಗೆ. ಆಮೇಲೆ ತುಂಡಿನ ಮೇಲ್ಬಾಯನ್ನು ಮಾತ್ರ ಅಗಲ ಮಾಡಿದರು. ಗುಂಡು ಅಲ್ಲಿಂದ ಇಳಿಯುತ್ತದೆ, ಗೆರೆಗಳಿಗೆ ನೇರವಾಗಿ ಸಿಗುತ್ತದೆ. ಹೊಡೆಯುವ ಮೊದಲು ತುಂಡನ್ನು ತೆಗೆದಿಡುತ್ತಾರೆ. ನಳಿಗೆಯ ನಿಜವಾದ ಅಂಚಿಗೆ ಏನೂ ತಗಲಿರುವುದಿಲ್ಲ.

ಪೋಪ್ ವಿಧಾನದಲ್ಲಿ ಗುಂಡು ಮುಂದಿನಿಂದ, ಮದ್ದು ತುಂಬಿದ ತೋಟಾ ಹಿಂದಿನಿಂದ. ಒಂದೇ ತೋಟಾವನ್ನು ಪಂದ್ಯ ಪೂರ್ತಿ ಮತ್ತೆ ಮತ್ತೆ ತುಂಬಿ ಹೊಡೆಯುವವರೂ ಇದ್ದರು. ಗುಂಡು ಇಳಿಯುವಾಗ ಹಿಂದಿನ ಹೊಡೆತದ ಮಸಿಯನ್ನೂ ಕೆಳಗೆ ತಳ್ಳಿಕೊಂಡು ಹೋಗುತ್ತದೆ. ಪ್ರತಿ ಹೊಡೆತಕ್ಕೂ ನಳಿಗೆ ಒಂದೇ ಸ್ಥಿತಿಯಲ್ಲಿರುತ್ತದೆ.

ಹೀಗಿರುವಾಗ ಬಾಯಿಯಿಂದ ಅರ್ಧ ಇಂಚು ಕೊಯ್ದರೆ ಏನಾಗುತ್ತದೆ? ಪಿನ್ನಿನ ತೂತು ಹೋಯಿತು. ಅದು ಚಿಕ್ಕ ನಷ್ಟ, ಹೊಸದು ಕೊರೆಯಬಹುದು ಅಂತ ವಾದ ಮಾಡುವವರಿದ್ದಾರೆ. ದೊಡ್ಡ ನಷ್ಟ ಒಳಗಿದೆ. ಗೆರೆಗಳು ಸುರುಳಿ ಅಲ್ವಾ? ಅರ್ಧ ಇಂಚು ಹಿಂದೆ ಗೆರೆ ಇರುವ ಜಾಗವೇ ಬೇರೆ. ತುಂಡನ್ನು ತಿರುಗಿಸಿ ಹೊಂದಿಸೋಣ ಅಂದರೆ ಅದರ ಎಂಟು ಮೂಲೆಯ ಹೊರಮೈ ನಳಿಗೆಯ ಮೈಗೆ ಕೂರುವುದಿಲ್ಲ. ಪೋಪ್ ನಳಿಗೆಯಲ್ಲಿ ಇನ್ನೂ ಕಷ್ಟ. ಅವನದು ಎಡಕ್ಕೆ ತಿರುಗುವ ಎಂಟು ಗೆರೆ, ಅದೂ ಹಿಂದೆ ನಿಧಾನ ತಿರುವು, ಬಾಯಿಗೆ ಬರುತ್ತಾ ಜಾಸ್ತಿ ತಿರುವು. ಇಂಚು ಇಂಚಿಗೂ ಕೋನ ಬದಲಾಗುತ್ತದೆ. ಹಾಗಾಗಿ ಇನ್ನೊಂದು ಪೋಪ್ ರೈಫಲ್ಲಿನ ಫಾಲ್ಸ್ ಮಝಲ್ ತಂದು ಹಾಕಿದರೂ ಆಗುವುದಿಲ್ಲ. "ಅದೇ ಕ್ಯಾಲಿಬರ್ ಇದೆಯಲ್ಲ ಸರ್" ಅನ್ನುತ್ತಾರೆ. ಕ್ಯಾಲಿಬರ್, ಎಂದರೆ ನಳಿಗೆಯ ಒಳ ಅಗಲ, ಒಂದೇ ಆದರೆ ಸಾಲದು. ಒಂದು ನಳಿಗೆಗೆ ಒಂದೇ ತುಂಡು.

ಪರೀಕ್ಷೆ ಮಾಡುವುದು ಸುಲಭ. ಮೊದಲು ಬಂದೂಕು ಖಾಲಿ ಇದೆಯಾ ನೋಡಿ, ಬ್ರೀಚ್, ಎಂದರೆ ನಳಿಗೆಯ ಹಿಂಬಾಯಿ, ತೆರೆದಿಡಿ. ತುಂಡನ್ನು ಕೈಯಲ್ಲೇ ಕೂರಿಸಿ, ಸುತ್ತಿಗೆ ಬೇಡ. ಸರಿಯಾದದ್ದು ಒಂದೇ ದಿಕ್ಕಿನಲ್ಲಿ ಮೆತ್ತಗೆ ಇಳಿದು ಕೂರುತ್ತದೆ. ಉಗುರನ್ನು ಜೋಡಣೆಯ ಮೇಲೆ ಎಳೆದರೆ ತಡೆಯಬಾರದು. ಆಮೇಲೆ ಹಿಂದಿನಿಂದ ಬೆಳಕು ಬಿಟ್ಟು ಬಾಯಿಯ ಕಡೆಯಿಂದ ನೋಡಿ. ಗೆರೆ ತುಂಡಿನಿಂದ ನಳಿಗೆಗೆ ಹಾಗೇ ಹರಿದು ಹೋಗಬೇಕು. ನಡುವೆ ಮೆಟ್ಟಿಲು ಕಂಡರೆ ಅದು ಆ ರೈಫಲ್ಲಿನದಲ್ಲ, ಅಥವಾ ಯಾರೋ ನಳಿಗೆ ಮುಟ್ಟಿದ್ದಾರೆ. ತುಂಡಿನ ಮೇಲೆ ಒಂದು ಚಿಕ್ಕ ಗುಬಟು ಎದ್ದು ನಿಂತಿರುತ್ತದೆ. ಅದನ್ನೂ ಕೆಲವರು ಅಸಹ್ಯ ಅಂತ ಅರದಿಂದ ತೆಗೆಸಿದ್ದಾರೆ! ಅದು ಗುರಿಗೆ ಅಡ್ಡ ಬರಲಿ ಅಂತಲೇ ಇಟ್ಟದ್ದು. ತುಂಡು ತೆಗೆಯಲು ಮರೆತು ಬಂದೂಕು ಎತ್ತಿದರೆ ಗುರಿ ಕಾಣುವುದಿಲ್ಲ, ಆಗ ನೆನಪಾಗುತ್ತದೆ. ಮರೆತೇ ಹೊಡೆದರೆ ಆ ತುಂಡು ಗುಂಡಿನ ಜೊತೆ ಹಾರಿಹೋಗುತ್ತದೆ.

ಕಳೆದುಹೋಗುವ ಕತೆಗಳು ಬಹುತೇಕ ಒಂದೇ ತರ. ಹಿರಿಯರು ತೀರಿಕೊಂಡಿರುತ್ತಾರೆ. ಗೋಡೆಯ ಮೇಲಿನ ರೈಫಲ್ಲನ್ನು ಮಕ್ಕಳು ಜೋಪಾನ ಮಾಡುತ್ತಾರೆ. ನೆಲಮಾಳಿಗೆಯಲ್ಲಿದ್ದ ಎಣ್ಣೆ ಮೆತ್ತಿದ ಮರದ ಪೆಟ್ಟಿಗೆ ಮಾತ್ರ ಹಳೆಯ ಸಾಮಾನಿನ ಜೊತೆ ಮಾರಾಟವಾಗುತ್ತದೆ. ಒಬ್ಬ ಹೆಣ್ಣುಮಗಳು ತಂದೆಯ ಷೋಯನ್ ನಳಿಗೆಯ ರೈಫಲ್ ತಂದಿದ್ದರು. ತುಂಬಾ ಪ್ರೀತಿಯಿಂದ ಬಟ್ಟೆಯಲ್ಲಿ ಸುತ್ತಿದ್ದರು. ಪೆಟ್ಟಿಗೆ ಎಲ್ಲಿ ಅಂದೆ. "ಅದರಲ್ಲಿ ಬರೀ ಕಬ್ಬಿಣದ ತುಂಡುಗಳಿದ್ದವು" ಅಂದರು. ನಾನು ಸುಮ್ನೆ ಬಿಡಲಿಲ್ಲ. ಕೊಂಡವರಿಗೆ ಅಲ್ಲೇ ಫೋನ್ ಮಾಡಿಸಿದೆ. ಗುಂಡಿನ ಅಚ್ಚು ಮೀನು ಹಿಡಿಯುವ ಸಾಮಾನಿನ ಡಬ್ಬಿಯಲ್ಲಿ ಸಿಕ್ಕಿತು, ಸೀಸ ಎರೆಯಲು ಬಳಸುತ್ತಿದ್ದರಂತೆ. ಗುಂಡನ್ನು ಒಳಗೆ ತಳ್ಳುವ ಸ್ಟಾರ್ಟರ್ ಮತ್ತು ಫಾಲ್ಸ್ ಮಝಲ್ ಲೇತ್ ಸಾಮಾನುಗಳ ನಡುವೆ ಇದ್ದವು. ಆ ತಾಯಿ ನನ್ನ ಬೆಂಚಿನ ಮುಂದೆ ನಿಂತು ತುಂಡನ್ನು ತಾವೇ ಕೂರಿಸಿ ನೋಡಿದರು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ.

ಅಚ್ಚಿನ ವಿಷಯವೂ ಹೀಗೇ. ಈ ಗನ್‌ಸ್ಮಿತ್‌ಗಳು ಸಾಮಾನ್ಯವಾಗಿ ನಳಿಗೆಗೆ ತಕ್ಕ ಹಾಗೆ ಅಚ್ಚನ್ನೂ ತಾವೇ ಕೊರೆದು ಕೊಡುತ್ತಿದ್ದರು. ನಳಿಗೆಯ ಮೇಲೆ .32-40 ಅಂತ ತೋಟಾದ ಹೆಸರು ಇದ್ದ ಮಾತ್ರಕ್ಕೆ ಅಂಗಡಿಯ ಅಚ್ಚು ಅದರ ಜಾಗ ತುಂಬುವುದಿಲ್ಲ.

ಪಾಲಿಶ್ ಬಗ್ಗೆ ಒಂದೇ ಮಾತು: ಮಾಡಿಸಬೇಡಿ. ಬಫಿಂಗ್ ಚಕ್ರ ಎಂಟು ಮೂಲೆಯ ನಳಿಗೆಯ ಅಂಚನ್ನು ತಿನ್ನುತ್ತದೆ, ಗನ್‌ಸ್ಮಿತ್‌ನ ಹೆಸರಿನ ಅಕ್ಷರಗಳನ್ನು ತೇಲಿಸುತ್ತದೆ.

ಕಾನೂನಿನ ಬಗ್ಗೆ ಎಚ್ಚರಿಕೆಯಿಂದ ಹೇಳಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಆ್ಯಂಟಿಕ್, ಎಂದರೆ ಪುರಾತನ ಬಂದೂಕು. ಇಲ್ಲಿ ಸಾಮಾನ್ಯವಾಗಿ ನೋಡುವುದು ಆ್ಯಕ್ಷನ್ ಯಾವಾಗ ತಯಾರಾಯಿತು ಅಂತ, ನಳಿಗೆ ಯಾವಾಗ ಹಾಕಿದರು ಅಂತ ಅಲ್ಲ. ಸ್ಟೀವನ್ಸ್ 44½ ಮಾರುಕಟ್ಟೆಗೆ ಬಂದದ್ದೇ 1903ರಲ್ಲಿ, ಹಾಗಾಗಿ ಅದು ಆ ಸಾಲಿಗೆ ಸೇರುವುದಿಲ್ಲ. ರಾಜ್ಯದ ನಿಯಮ ಬೇರೆ ಇರಬಹುದು. ಕೊಳ್ಳುವ ಮೊದಲು ನಿಮ್ಮ ರಾಜ್ಯದಲ್ಲಿ ವಿಚಾರಿಸಿ, ನನ್ನ ಅಂಕಣವನ್ನು ನಂಬಿಕೊಂಡು ಹಣ ಕೊಡಬೇಡಿ.

ಫಾಲ್ಸ್ ಮಝಲ್ ನಿಜಕ್ಕೂ ಕಳೆದುಹೋಗಿದ್ದರೆ? ಬೆಲೆ ಕಡಿಮೆಯಾಗುತ್ತದೆ, ಎಷ್ಟು ಅಂತ ರೈಫಲ್ ನೋಡದೆ ಹೇಳಲಾರೆ. ಆದರೆ ನಳಿಗೆ ಸತ್ತಿಲ್ಲ. ಗುಂಡನ್ನು ಹಿಂದಿನಿಂದಲೇ ಗೆರೆಗಳಿಗೆ ಕೂರಿಸಿ ಹೊಡೆಯುವ ಕ್ರಮ ಇದೆ, ಆ ಕಾಲದಲ್ಲೂ ಇತ್ತು. ನಳಿಗೆ ಮತ್ತು ಆ್ಯಕ್ಷನ್ ಎರಡನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸಿದ ಮೇಲೆ, ಸೀಸದ ಗುಂಡು, ಹಗುರ ಮದ್ದು ಮಾತ್ರ ಬಳಸಿ. ಈಗಿನ ಜೋರು ತೋಟಾ ಬೇಡ. ಆ ನಾಲ್ಕು ತೂತುಗಳನ್ನು ಬೆಸುಗೆ ಹಾಕಿಸಿ ಮುಚ್ಚಿಸಬೇಡಿ. ಒಂದು ಹನಿ ಎಣ್ಣೆ ಬಿಟ್ಟು ಹಾಗೇ ಇಡಿ. ಬಾಯಿಯ ಹತ್ತಿರದಿಂದ ಒಂದು ಫೋಟೊ ತೆಗೆದು, ತೂತುಗಳ ನಡುವಿನ ಅಂತರ ಬರೆದಿಟ್ಟುಕೊಳ್ಳಿ. ಹಳೆಯ ಸಾಮಾನಿನ ಮಾರಾಟದಲ್ಲಿ ಪಿನ್ ಇರುವ ಒಂಟಿ ತುಂಡುಗಳು ಈಗಲೂ ಸಿಗುತ್ತವೆ. ಅಳತೆ ಕೈಯಲ್ಲಿದ್ದರೆ ನಿಮ್ಮದಾ ಅಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.