ಕೈ ಮುಟ್ಟಿ ನೋಡದ ಡಾಕ್ಟರು

ಪ್ರಶ್ನೆ: ತಂಗಿಗೆ ಆರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಯಾರೊಂದಿಗೂ ಮಾತಿಲ್ಲ. ವಿಡಿಯೊ ಕಾಲ್‌ನಲ್ಲಿ ಮನೋವೈದ್ಯರಿಗೆ ತೋರಿಸೋಣ ಎಂದರೆ, "ಕೈ ಮುಟ್ಟಿ ನೋಡದ ಡಾಕ್ಟರಿಗೆ ಏನು ತಿಳಿದೀತು?" ಎನ್ನುತ್ತಾರೆ ದೊಡ್ಡಪ್ಪ. ಹೌದೇ?

ಉತ್ತರ: ಊರು ಬೇರೆ, ದೊಡ್ಡಪ್ಪ ಬೇರೆ, ಮಾತು ಮಾತ್ರ ಅದೇ. ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಉದ್ದವಾಗಿಯೇ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ನಿಮ್ಮ ತಂಗಿ ನನ್ನ ಎದುರಿಗೇ ಬಂದು ಕುಳಿತರು ಎನ್ನಿ. ನಾನು ನೋಡುವುದು ಏನನ್ನು? ತಲೆ ಬಾಚಿದ್ದಾರೆಯೇ, ಕಣ್ಣು ಕೊಟ್ಟು ಮಾತನಾಡುತ್ತಾರೆಯೇ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ, ಮಾತಿನ ಎಳೆ ನಡುವೆ ತಪ್ಪುತ್ತದೆಯೇ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ, ಬದುಕೇ ಬೇಡ ಎನ್ನಿಸಿದೆಯೇ. ಗಮನ ಎಷ್ಟು ನಿಲ್ಲುತ್ತದೆಂದು ತಿಳಿಯಲು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎನ್ನುತ್ತೇನೆ. ಇದರಲ್ಲಿ ಮುಟ್ಟುವ ಕೆಲಸ ಯಾವುದು? ಖಿನ್ನತೆ ನಾಡಿಯಲ್ಲಿ ಸಿಗುವುದಿಲ್ಲ, ದೊಡ್ಡಪ್ಪನವರೇ. ಅದು ಸಿಗುವುದು ಮಾತಿನಲ್ಲಿ, ಮೌನದಲ್ಲಿ.

ಇನ್ನೂ ಒಂದು ಮಾತು. ಆಸ್ಪತ್ರೆಗೆ ಬರುವವರು ಇಸ್ತ್ರಿ ಬಟ್ಟೆ ತೊಟ್ಟು, ಏನು ಹೇಳಬೇಕೆಂದು ಬಸ್ಸಿನಲ್ಲೇ ಅಮ್ಮನಿಂದ ಪಾಠ ಹೇಳಿಸಿಕೊಂಡು ಬರುತ್ತಾರೆ. ವಿಡಿಯೊದಲ್ಲಿ ನಡುಹಗಲಿಗೂ ಮುಚ್ಚಿದ ಕಿಟಕಿ, ಮುಟ್ಟದೆ ಬಿಟ್ಟ ತಿಂಡಿ ತಟ್ಟೆ ತಾವಾಗಿಯೇ ಕಾಣುತ್ತವೆ. ಇದು ಕೊರೊನಾ ಕಾಲದ ಗಿಮಿಕ್ ಎನ್ನುವವರಿಗೂ ಹೇಳಿಬಿಡುತ್ತೇನೆ: ಅಮೆರಿಕದ ನೆಬ್ರಾಸ್ಕದಲ್ಲಿ ಮನೋವೈದ್ಯರು ಟಿವಿ ಪರದೆಯ ಮೂಲಕ ಗುಂಪು ಚಿಕಿತ್ಸೆ ನಡೆಸಿದ್ದು 1959ರಲ್ಲಿ. ನಮ್ಮಲ್ಲಿ ದೂರವೈದ್ಯಕೀಯಕ್ಕೆ ಸ್ಪಷ್ಟ ನಿಯಮಗಳು ಬಂದದ್ದು ಮಾತ್ರ 2020ರ ಮಾರ್ಚ್‌ನಲ್ಲಿ.

ಮುಟ್ಟಲೇಬೇಕಾದ ಸಂದರ್ಭಗಳೂ ಇವೆ. ಮಾತ್ರೆಯಿಂದ ಕೈಕಾಲು ಬಿಗಿಯುತ್ತಿದ್ದರೆ ತೋಳು ಮಡಿಸಿ ನೋಡಬೇಕು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಪರೀಕ್ಷೆ ತಪ್ಪದು. ಕುಡಿತ ಬಿಟ್ಟ ಎರಡು ಮೂರು ದಿನಗಳಲ್ಲಿ ನಡುಕ, ಗೊಂದಲ ಶುರುವಾದರೆ, ಅಥವಾ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೆ ಮೊಬೈಲ್ ಪಕ್ಕಕ್ಕಿಟ್ಟು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಾದಕ ವಸ್ತು ಕಾಯ್ದೆಯ ಹಿಡಿತದಲ್ಲಿರುವ ಹಲವು ಮಾತ್ರೆಗಳನ್ನು ದೂರದಿಂದ ಬರೆದುಕೊಡುವಂತಿಲ್ಲ, ಒತ್ತಾಯಿಸಬೇಡಿ. ಯಾವ ವೈದ್ಯರನ್ನು ಹುಡುಕುವುದೆಂದು ತಿಳಿಯದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತನಾಡಬಹುದು.

ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ತಂಗಿ ಎಲ್ಲಿ ಕುಳಿತು ಮಾತನಾಡುತ್ತಾರೆ? ನನ್ನ ಅನುಭವದಲ್ಲಿ ವಿಡಿಯೊ ಚಿಕಿತ್ಸೆ ಕೆಡುವುದು ನೆಟ್‌ವರ್ಕ್‌ನಿಂದಲ್ಲ, ಬಾಗಿಲ ಸಂದಿಯಲ್ಲಿ ನಿಂತು ಕೇಳುವ ಮನೆಯವರಿಂದ. ಇಯರ್‌ಫೋನ್ ಹಾಕಿಕೊಂಡರೆ ನನ್ನ ಪ್ರಶ್ನೆ ಹೊರಗೆ ಕೇಳಿಸುವುದಿಲ್ಲ, ಉತ್ತರ ಕೇಳಿಸುತ್ತದೆ. ಹಾಗಾಗಿ ಹೌದು, ಇಲ್ಲ ಎಂದರೆ ಸಾಕಾಗುವಂತೆ ಕೇಳಿ ಎಂದು ವೈದ್ಯರಿಗೆ ಮೊದಲೇ ಹೇಳಲಿ. ಮಹಡಿ ಮೇಲೆ ಬಟ್ಟೆ ಒಣಹಾಕುವ ಜಾಗ, ನಿಲ್ಲಿಸಿದ ಕಾರು, ಗೆಳತಿಯ ಕೋಣೆ, ಯಾವುದಾದರೂ ಆದೀತು. ನನ್ನ ಬಳಿ ಬರುವವರೊಂದಿಗೆ ಒಂದು ಗುಟ್ಟಿನ ಮಾತನ್ನೂ ಗೊತ್ತು ಮಾಡಿಕೊಳ್ಳುತ್ತೇನೆ. "ಅಲ್ಲಿ ಮಳೆ ಬಂತೇ ಡಾಕ್ಟರೇ?" ಎಂದು ಅವರು ಕೇಳಿದರೆ ಯಾರೋ ಒಳಗೆ ಬಂದರು ಎಂದರ್ಥ. ಆಮೇಲೆ ಐದು ನಿಮಿಷ ಮಳೆಯ ಬಗ್ಗೆಯೇ ಮಾತನಾಡುತ್ತೇವೆ.