ಅಳಿಸಿದ್ದು ಪಾದದ ಒಂದು ಚೂರು: ಫೋಟೋ ಸ್ಪರ್ಧೆಗಳಲ್ಲಿ ಎಡಿಟಿಂಗ್ ಎಲ್ಲಿಯವರೆಗೆ?

2010ರಲ್ಲಿ ಉಕ್ರೇನಿನ ಛಾಯಾಗ್ರಾಹಕ ಸ್ಟೆಪಾನ್ ರೂಡಿಕ್ ಅವರಿಗೆ, ಸುದ್ದಿಚಿತ್ರಗಳಿಗೆ ಮೀಸಲಾದ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಕ್ರೀಡಾ ವಿಭಾಗದಲ್ಲಿ ಮೂರನೇ ಬಹುಮಾನ ಬಂತು. ಕೀವ್ ನಗರದ ಬೀದಿ ಕಾಳಗದ ಚಿತ್ರಸರಣಿ ಅದು. ಕೆಲವೇ ವಾರಗಳಲ್ಲಿ ಬಹುಮಾನ ರದ್ದಾಯಿತು. ಸರಣಿಯ ಒಂದು ಚಿತ್ರದಲ್ಲಿ ಯಾರದೋ ಕೈಗೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ಮೂಲ ಫೈಲು ತರಿಸಿ ನೋಡಿದರೆ ಅದೊಂದು ಬಣ್ಣದ, ವಿಶಾಲ ದೃಶ್ಯ. ರೂಡಿಕ್ ಅದರ ಬಹುಪಾಲನ್ನು ಕ್ರಾಪ್ ಮಾಡಿ ಕೈಯನ್ನಷ್ಟೇ ಉಳಿಸಿಕೊಂಡಿದ್ದರು. ಕಪ್ಪು-ಬಿಳುಪಿಗೆ ತಿರುಗಿಸಿ, ಹಳೆಯ ಫಿಲ್ಮಿನಂತೆ ಕಾಣಲಿ ಎಂದು ಗ್ರೇನ್ (ಕಾಳುಕಾಳಾದ ಚುಕ್ಕೆಗಳು) ಸೇರಿಸಿದ್ದರು. ಇದ್ಯಾವುದಕ್ಕೂ ತಕರಾರು ಬರಲಿಲ್ಲ. ಕೈಯ ಹಿಂದೆ ಇಣುಕುತ್ತಿದ್ದ ಇನ್ನೊಬ್ಬರ ಪಾದದ ಚೂರನ್ನು ಅಳಿಸಿದ್ದೇ ಮುಳುವಾಯಿತು.

ಅಷ್ಟೆಲ್ಲ ಕತ್ತರಿಸಿದ್ದು ಸರಿ, ಇಷ್ಟು ಅಳಿಸಿದ್ದು ತಪ್ಪು ಎಂದರೆ ಯಾರಿಗಾದರೂ ವಿಚಿತ್ರ ಎನಿಸುತ್ತದೆ. ನನಗೆ ಮಾತ್ರ ಆ ತೀರ್ಪು ಸರಿ ಎಂದೇ ತೋರುತ್ತದೆ. ಚೌಕಟ್ಟಿನ ಆಚೆ ಇನ್ನೂ ಏನೋ ಇತ್ತು ಎಂಬುದು ಫೋಟೋ ನೋಡುವ ಎಲ್ಲರಿಗೂ ಗೊತ್ತು. ಚೌಕಟ್ಟಿನ ಒಳಗೆ ಇದ್ದದ್ದನ್ನು ತೆಗೆದರೆ ಅದು ಇತ್ತೆಂದು ತಿಳಿಯಲು ಅವರಿಗೆ ದಾರಿಯೇ ಇಲ್ಲ.

ಇಂಥ ನಿಯಮಗಳು ಛಾಯಾಗ್ರಹಣದ ಜೊತೆಗೇ ಹುಟ್ಟಿದವಲ್ಲ. 1857ರಲ್ಲಿ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿ, ಮ್ಯಾಂಚೆಸ್ಟರ್‌ನ ಕಲಾಪ್ರದರ್ಶನದಲ್ಲಿಟ್ಟರು. ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿಯನ್ನು ಕೊಂಡರು. ಅದರಲ್ಲಿದ್ದ ನಗ್ನತೆಯ ಬಗ್ಗೆ ಗದ್ದಲವಾಯಿತು; ಆದರೆ ಜೋಡಿಸಿದ ಚಿತ್ರವೆಂಬುದನ್ನು ರೇಲಾಂಡರ್ ಮುಚ್ಚಿಟ್ಟಿರಲಿಲ್ಲ. ಆ ಕಾಲದ ಫೋಟೋ ಫಲಕಗಳಲ್ಲಿ ಆಕಾಶ ಬರೀ ಬೆಳ್ಳಗೆ ಬರುತ್ತಿತ್ತು, ಹಾಗಾಗಿ ಬೇರೆ ನೆಗೆಟಿವ್‌ನಿಂದ ಮೋಡ ತಂದು ಕೂರಿಸುವುದು ಮಾಮೂಲಿ ಕೆಲಸವಾಗಿತ್ತು. ಇಂದಿನ ಸಲಾನ್‌ಗಳ (ಸ್ಪರ್ಧೆಯ ಜೊತೆಗಿನ ಫೋಟೋ ಪ್ರದರ್ಶನಗಳ) ಓಪನ್ ಅಥವಾ ಕ್ರಿಯೇಟಿವ್ ಸೆಕ್ಷನ್ನುಗಳು ಈ ಪರಂಪರೆಯವೇ. ಅಲ್ಲಿ ಜೋಡಿಸಿದರೂ, ಬದಲಿಸಿದರೂ ಯಾರಿಗೂ ಮೋಸವಿಲ್ಲ.

ಸುದ್ದಿಚಿತ್ರದ ಮಾತೇ ಬೇರೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್, ಮುಖಪುಟದ ಉದ್ದಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. ಫೋಟೋಶಾಪ್ ಬಂದದ್ದು 1990ರಲ್ಲಿ. ಆಮೇಲೆ ಆ ಶಕ್ತಿ ಎಲ್ಲರ ಕೈಗೂ ಸಿಕ್ಕಿತು. 2003ರಲ್ಲಿ ಇರಾಕಿನ ಬಸ್ರಾ ಬಳಿ ತೆಗೆದ ಎರಡು ಚಿತ್ರಗಳನ್ನು ಒಂದಾಗಿಸಿದ ಬ್ರಯಾನ್ ವಾಲ್ಸ್ಕಿ ಅವರನ್ನು ಲಾಸ್ ಏಂಜಲೀಸ್ ಟೈಮ್ಸ್ ಕೆಲಸದಿಂದ ತೆಗೆಯಿತು.

ಕಗ್ಗಂಟಾದದ್ದು ಟೋನಿಂಗ್, ಅಂದರೆ ಚಿತ್ರದ ಬೆಳಕು, ನೆರಳು, ಬಣ್ಣ ತಿದ್ದುವುದು. ಗಾಜಾದಲ್ಲಿ ಮಕ್ಕಳ ಶವ ಹೊತ್ತು ಸಾಗುವವರ ಪಾಲ್ ಹ್ಯಾನ್ಸನ್ ಅವರ ಚಿತ್ರಕ್ಕೆ 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋದ ಅತ್ಯುನ್ನತ ಪ್ರಶಸ್ತಿ ಬಂದಾಗ, ಅದು ಹಲವು ಚಿತ್ರಗಳ ಜೋಡಣೆ ಎಂಬ ಆರೋಪ ಎದ್ದಿತು. ತಜ್ಞರು ರಾ ಫೈಲನ್ನು (ಕ್ಯಾಮೆರಾ ದಾಖಲಿಸಿದ, ತಿದ್ದದ ಮೂಲ ಫೈಲು) ಪರೀಕ್ಷಿಸಿ, ಬೆಳಕು-ಬಣ್ಣ ತಿದ್ದಿದ್ದಾರೆ, ಜೋಡಣೆ ನಡೆದಿಲ್ಲ ಎಂದರು. ಎರಡು ವರ್ಷದ ನಂತರ ಅದೇ ಸ್ಪರ್ಧೆಯ ಕೊನೆಗೆ ಮುಂಚಿನ ಸುತ್ತು ತಲುಪಿದ ಚಿತ್ರಗಳಲ್ಲಿ ಶೇ. 20ರಷ್ಟು ಅನರ್ಹವಾದವು. ಚಿತ್ರದಲ್ಲಿದ್ದದ್ದನ್ನು ತೆಗೆದದ್ದು ಅಥವಾ ಇಲ್ಲದ್ದನ್ನು ಸೇರಿಸಿದ್ದು ಕಾರಣ. ಒಂದು ಮೂಲೆಯನ್ನು ಬರ್ನ್ ಮಾಡುತ್ತಾ (ಕಪ್ಪಾಗಿಸುತ್ತಾ) ಹೋಗಿ, ಅಲ್ಲಿ ನಿಂತ ಮನುಷ್ಯನೇ ಕಪ್ಪಿನಲ್ಲಿ ಮರೆಯಾದರೆ, ಅದನ್ನೂ ಅಳಿಸಿದ್ದೆಂದೇ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಹವ್ಯಾಸಿಗಳಿಗೆ ಈ ವಿಷಯ ದೂರದ್ದಲ್ಲ. ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಇದ್ದ ಊರಿದು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಲ್ಲಿಂದಲೇ ಅಂತಾರಾಷ್ಟ್ರೀಯ ಸಲಾನ್‌ಗಳನ್ನು ನಡೆಸುತ್ತಾ ಬಂದಿದೆ. ಇಂಥ ಸಲಾನ್‌ಗಳ ನೇಚರ್ ಸೆಕ್ಷನ್ನಿಗೆ, ಛಾಯಾಗ್ರಹಣದ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ, ಅಮೆರಿಕದ ಪಿಎಸ್‌ಎ ಮತ್ತು ಬ್ರಿಟನ್ನಿನ ಆರ್‌ಪಿಎಸ್ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಟ್ಟಾಗಿ ಒಪ್ಪಿದ ವ್ಯಾಖ್ಯೆಯೇ ಆಧಾರ. ಕ್ರಾಪ್ ಬಿಟ್ಟರೆ ಬೇರೆ ಯಾವ ರೀತಿಯಲ್ಲೂ ಚಿತ್ರದ ಅಂಶವನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಸೆನ್ಸರ್ ಮೇಲಿನ ದೂಳಿನ ಚುಕ್ಕೆ, ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ತೆಗೆಯಬಹುದು, ಏಕೆಂದರೆ ಅವು ಕ್ಯಾಮೆರಾ ತಂದದ್ದು. ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಚಿತ್ರಗಳನ್ನು ಸೇರಿಸಿ ಎಲ್ಲವನ್ನೂ ಸ್ಪಷ್ಟವಾಗಿಸುವ ಫೋಕಸ್ ಸ್ಟ್ಯಾಕಿಂಗ್‌ಗೆ ಅಡ್ಡಿಯಿಲ್ಲ. ಮಿಂಚುಳ್ಳಿಯ ಕೊಕ್ಕಿನ ಮುಂದೆ ಅಡ್ಡ ಬಂದ ಒಂದು ಕಡ್ಡಿಯನ್ನು ಮಾತ್ರ ಕ್ಲೋನ್ ಮಾಡಿ (ಪಕ್ಕದ ಭಾಗವನ್ನು ನಕಲಿಸಿ ಮುಚ್ಚಿ) ತೆಗೆಯುವಂತಿಲ್ಲ. ಕಡ್ಡಿ ಹಕ್ಕಿಯ ಬದುಕಿನ ಭಾಗ. ಅದು ಇರದ ಕೋನ ಸಿಗುವವರೆಗೆ ಕಾಯುವುದೇ ಈ ಸೆಕ್ಷನ್ನಿನ ವಿದ್ಯೆ.

ರಾ ಫೈಲು ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಲಂಡನ್ನಿನ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯೇ ಸಾಕ್ಷಿ. 2009ರ ವಿಜೇತ ಚಿತ್ರದಲ್ಲಿ ಗೇಟು ಹಾರುತ್ತಿದ್ದ ತೋಳ ಸ್ಪೇನಿನ ಮೃಗಾಲಯವೊಂದರ ಪಳಗಿದ ಪ್ರಾಣಿಯಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಪುಗಾರರು ಬಹುಮಾನ ಹಿಂಪಡೆದರು. ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ. 2018ರಲ್ಲಿ, ಬ್ರೆಜಿಲ್‌ನ ಗೆದ್ದಲುಹುತ್ತದ ಮುಂದೆ ಕಂಡ ಇರುವೆಭಕ್ಷಕ ಚರ್ಮದೊಳಗೆ ತುಂಬಿ ನಿಲ್ಲಿಸಿದ ಸತ್ತ ಪ್ರಾಣಿ ಎಂದು ತಜ್ಞರು ಹೇಳಿ, ಇನ್ನೊಂದು ಬಹುಮಾನ ರದ್ದಾಯಿತು. ಅದನ್ನೂ ತೆಗೆದವರು ನಿರಾಕರಿಸಿದರು. ಎರಡೂ ಪ್ರಕರಣಗಳಲ್ಲಿ ತಕರಾರು ಸಾಫ್ಟ್‌ವೇರಿನದ್ದಲ್ಲ, ಲೆನ್ಸಿನ ಮುಂದೆ ಇದ್ದದ್ದರದ್ದು.

ಈಗ ಎಐ. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಕ್ರಿಯೇಟಿವ್ ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ಇದು ಎಐ ಹುಟ್ಟಿಸಿದ ಚಿತ್ರ ಎಂದು ಬಹುಮಾನ ನಿರಾಕರಿಸಿದರು. ಅದೇ ವರ್ಷ ವರ್ಲ್ಡ್ ಪ್ರೆಸ್ ಫೋಟೋ ತನ್ನ ಮುಕ್ತ ವಿಭಾಗಕ್ಕೆ ಇಂಥ ಚಿತ್ರಗಳನ್ನು ಸೇರಿಸಲು ಹೊರಟು, ಪ್ರತಿಭಟನೆ ಎದ್ದಾಗ ಹಿಂದೆ ಸರಿಯಿತು. ಎಐ ಬಳಸುವ ನಾಯ್ಸ್ ತೆಗೆಯುವ ಸಾಧನ ಮಿತಿಯಲ್ಲಿ ನಡೆಯುತ್ತದೆ, ಇಲ್ಲದ ವಿವರವನ್ನು ಹುಟ್ಟಿಸುವುದು ನಡೆಯುವುದಿಲ್ಲ ಎನ್ನುವಲ್ಲಿಗೆ ಅದರ ನಿಯಮ ಬಂದು ನಿಂತಿದೆ. ನಮ್ಮ ಕ್ಲಬ್ಬುಗಳು, ಸಲಾನ್‌ಗಳು ಇನ್ನೊಂದು ಹೆಜ್ಜೆ ಹಾಕಬಹುದು: ಪ್ರಶಸ್ತಿ ಬಂದ ಪ್ರತಿ ಚಿತ್ರದ ಪಕ್ಕದಲ್ಲಿ ಅದರ ಮೂಲ ಫೈಲನ್ನೂ ಪ್ರದರ್ಶನಕ್ಕಿಡಲಿ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗ-ಹುಡುಗಿಯರು ಎಷ್ಟು ತಿದ್ದಬಹುದು ಎಂಬುದನ್ನು ಅಲ್ಲೇ ನಿಂತು ಕಲಿಯುತ್ತಾರೆ.