ಘಟ್ಟ ಹತ್ತುವಾಗ ಮಾತ್ರ ಮಿಸ್ಸಿಂಗ್ ಯಾಕೆ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಕಾರವಾರದಿಂದ ಕುಮಟಾವರೆಗೆ ಹೆದ್ದಾರಿಯಲ್ಲಿ ಏನೂ ತೊಂದರೆ ಇಲ್ಲ. ಶಿರಸಿ ಕಡೆ ತಿರುಗಿ ದೇವಿಮನೆ ಘಟ್ಟ ಹತ್ತುವಾಗ, ಅದೂ ಮಳೆಗಾಲದಲ್ಲಿ, ಗಾಡಿ ಜಗ್ಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಬ್ಯಾಟರಿ ಹೊಸದು. ಮೆಕ್ಯಾನಿಕ್ ‘ಕರೆಂಟ್ ಲೀಕ್ ಆಗ್ತಾ ಇದೆ’ ಅಂದರು. 12 ವೋಲ್ಟಿನ ಕರೆಂಟ್ ಎಲ್ಲಿಗೆ ಲೀಕ್ ಆಗುತ್ತದೆ?

ಉತ್ತರ: 12 ವೋಲ್ಟ್ ರಬ್ಬರ್ ದಾಟಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ವೈರಿನಲ್ಲಿ ಓಡುವುದು ಹತ್ತಿಪ್ಪತ್ತು ಸಾವಿರ ವೋಲ್ಟ್. ಲೀಕ್ ಆಗುವುದು ಅದು.

ಇಷ್ಟೊಂದು ಯಾಕೆ ಬೇಕು? ಪ್ಲಗ್ಗಿನ ತುದಿಯಲ್ಲಿ ಸುಮಾರು 1 ಮಿ.ಮೀ. ಸಂದು ಇರುತ್ತದೆ. ಹೊರಗಿನ ಗಾಳಿಯಲ್ಲಿ ಅಷ್ಟು ಸಂದು ದಾಟಲು ಕಿಡಿಗೆ ಹೆಚ್ಚುಕಡಿಮೆ 3,000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನೂ ಪೆಟ್ರೋಲನ್ನೂ ಒತ್ತಿ ಹಿಡಿದಿರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರುವುದು ಕಷ್ಟ.

ಅದಕ್ಕೆ ಬೇಕಾದ ಇಷ್ಟೊಂದು ವೋಲ್ಟ್ ಒದಗಿಸುವುದು ಇಗ್ನಿಷನ್ ಕಾಯಿಲ್. ಒಂದು ಕಬ್ಬಿಣದ ತಿರುಳು, ಅದರ ಮೇಲೆ ತಂತಿಯ ಎರಡು ಸುರುಳಿ. ಒಂದರಲ್ಲಿ ದಪ್ಪ ತಂತಿ, ಕೆಲವು ನೂರು ಸುತ್ತು. ಇನ್ನೊಂದರಲ್ಲಿ ಕೂದಲೆಳೆಯ ತಂತಿ, ಅದರ ನೂರು ಪಟ್ಟು ಸುತ್ತು. ಬ್ಯಾಟರಿಯ ಕರೆಂಟ್ ದಪ್ಪ ತಂತಿಯಲ್ಲಿ ಕೆಲವು ಮಿಲಿಸೆಕೆಂಡ್ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಈಗಿನ್ನೂ ಕಿಡಿ ಇಲ್ಲ. ಕಿಡಿ ಬರುವುದು ಸ್ವಿಚ್ ಹಾಕಿದಾಗ ಅಲ್ಲ, ತೆಗೆದಾಗ!

ತೋಟದ ಪಂಪ್‌ಸೆಟ್ ಪೈಪಿನಲ್ಲಿ ನೀರು ಜೋರಾಗಿ ಬರುವಾಗ ವಾಲ್ವನ್ನು ಫಕ್ಕನೆ ಮುಚ್ಚಿ ನೋಡಿ, ಪೈಪು ಧಡ್ ಎಂದು ಒದೆಯುತ್ತದೆ. ಕಾಯಿಲ್ ಕಥೆಯೂ ಹಾಗೇ. ಕರೆಂಟ್ ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ, ದಪ್ಪ ತಂತಿಯಲ್ಲೇ ಮುನ್ನೂರು ವೋಲ್ಟಿನಷ್ಟು ಏಳುತ್ತದೆ. ಸಣ್ಣ ತಂತಿಯಲ್ಲಿ ಅದರ ನೂರು ಪಟ್ಟು, ಅಂದರೆ 30,000ದವರೆಗೂ ಹೋಗಬಲ್ಲದು. ಪುಕ್ಕಟೆ ಅಲ್ಲ ಮತ್ತೆ: ವೋಲ್ಟ್ ಏರಿದಷ್ಟೂ ಆಂಪಿಯರ್ ಇಳಿಯುತ್ತದೆ. ಈ ಕುಸಿತದಿಂದ ಕರೆಂಟ್ ಹುಟ್ಟುವ ತತ್ವವನ್ನು ಫ್ಯಾರಡೆ 1831ರಲ್ಲೇ ತೋರಿಸಿದ್ದ.

ಕಡಿಯುವ ಕೆಲಸ ಹಿಂದೆ ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವ ಡಬ್ಬಿ) ಒಳಗಿನ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚಿನದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಪದ್ಧತಿ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಈಗ ಟ್ರಾನ್ಸಿಸ್ಟರ್ ಕಡಿಯುತ್ತದೆ, ಯಾವಾಗ ಅಂತ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಹೇಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಓಡಿದರೆ ಸೆಕೆಂಡಿಗೆ 100 ಕಿಡಿ ಬೇಕು. ಡೀಸೆಲ್ ಗಾಡಿಯವರಿಗೆ ಈ ತಲೆಬಿಸಿ ಇಲ್ಲ. ಅಲ್ಲಿ ಒತ್ತಿ ಕಾಯಿಸಿದ ಗಾಳಿಯೇ ಡೀಸೆಲ್ಲನ್ನು ಹೊತ್ತಿಸುತ್ತದೆ.

ಈಗ ನಿಮ್ಮ ಘಟ್ಟಕ್ಕೆ ಬರೋಣ. ಸಪಾಟು ರಸ್ತೆಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಸಿಲಿಂಡರಿಗೆ ಕಡಿಮೆ ಗಾಳಿ ಹೋಗುತ್ತದೆ, ಒತ್ತಡ ಕಡಿಮೆ, ಕಿಡಿ ಸುಲಭವಾಗಿ ಹಾರುತ್ತದೆ. ದೇವಿಮನೆ ಏರಿನಲ್ಲಿ ಕಾಲು ಒತ್ತಿದ್ದೇ ತಡ, ಗಾಳಿ ತುಂಬುತ್ತದೆ, ಒತ್ತಡ ಏರುತ್ತದೆ, ಜಾಸ್ತಿ ವೋಲ್ಟ್ ಬೇಕಾಗುತ್ತದೆ. ಆಗ ಕರೆಂಟಿಗೆ ಪ್ಲಗ್ ಸಂದಿಗಿಂತ ಸುಲಭದ ದಾರಿ ಬೇರೆ ಕಡೆ ಸಿಕ್ಕರೆ ಅಲ್ಲೇ ಇಳಿದುಬಿಡುತ್ತದೆ, ಪ್ಲಗ್ಗಿನಲ್ಲಿ ಕಿಡಿ ತಪ್ಪುತ್ತದೆ. ಅದೇ ಮಿಸ್ಸಿಂಗ್. ಬಿರುಕು ಬಿಟ್ಟ ಪ್ಲಗ್ ವೈರು, ಅದರ ಮೇಲೆ ಧೂಳು, ಕಡಲ ಗಾಳಿಯ ಉಪ್ಪು, ಮೇಲಿಂದ ಮಳೆಯ ತೇವ. ಉಪ್ಪುನೀರು ಕರೆಂಟಿಗೆ ಒಳ್ಳೆ ದಾರಿ ಅಲ್ವಾ? ಬೇಸಿಗೆಯಲ್ಲಿ ಒಣಗಿದ ಮೇಲೆ ಅದೇ ಗಾಡಿ ಸರಿಯಾಗಿ ಓಡುತ್ತದೆ, ನಾವೂ ಮರೆತುಬಿಡುತ್ತೇವೆ. ಪ್ಲಗ್ ಸವೆದು ಸಂದು ದೊಡ್ಡದಾಗಿದ್ದರಂತೂ ತೊಂದರೆ ಇನ್ನೂ ಜಾಸ್ತಿ.

ಹಾಗಾಗಿ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಪ್ಲಗ್, ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಕ್ಯಾಪ್ ನೋಡಿಸಬೇಕಿತ್ತು. ಕತ್ತಲಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡಿಸಿ ಬಾನೆಟ್ ತೆರೆಯಿರಿ. ವೈರಿನ ಮೇಲೆ ನೀಲಿ ಕಿಡಿ ಕಂಡರೆ ಕಳ್ಳ ಸಿಕ್ಕ ಹಾಗೆ. ದೂರದಿಂದ ನೋಡಿ, ಮುಟ್ಟಬೇಡಿ. ಕಾಣದಿದ್ದರೆ ವೈರು ಚೆನ್ನಾಗಿದೆ ಅಂತಲೂ ಅಲ್ಲ, ನ್ಯೂಟ್ರಲ್‌ನಲ್ಲಿ ಎಂಜಿನ್‌ಗೆ ಘಟ್ಟದ ಭಾರ ಇರುವುದಿಲ್ಲ.

ಎಂಜಿನ್ ಓಡುತ್ತಿರುವಾಗ ಒಂದೊಂದೇ ವೈರು ಕಿತ್ತು ನೋಡುವ ಹಳೆ ರೂಢಿ ಮಾತ್ರ ಬೇಡ. ಶಾಕ್ ಹೊಡೆಯುವುದು ಬಿಡಿ, ಎಲೆಕ್ಟ್ರಾನಿಕ್ ಕಾಯಿಲ್ ಕೂಡ ಹೋಗಬಹುದು.